ಮದುವೆಯ ಪದಗಳು ಫ್ರೆಂಚಿಗೆ: ಒಂದು ಅನುವಾದ ಆ್ಯಪ್‌ನ ವಿಮರ್ಶೆ

ಇಂಗ್ಲಿಷಿನಲ್ಲಿದ್ದ ಆಮಂತ್ರಣ ಪತ್ರಿಕೆಯೊಂದನ್ನೂ ವಿವಾಹ ಪ್ರಮಾಣಪತ್ರವೊಂದನ್ನೂ ಫ್ರಾನ್ಸಿಗೆ ಕಳುಹಿಸಬೇಕಾಗಿದ್ದುದರಿಂದ, ಎರಡನ್ನೂ ಫ್ರೆಂಚಿಗೆ ತರಲು ನಾನು ಒಂದು ಅನುವಾದ ಆ್ಯಪ್ ಬಳಸಿದೆ. ಬಿಡಿ ನಾಮಪದಗಳ ಮಟ್ಟಿಗೆ ಅದನ್ನು ನಂಬಬಹುದು. ‘ಮ್ಯಾರೇಜ್’, ‘ವೆಡ್ಡಿಂಗ್’ ಎರಡಕ್ಕೂ ಅದು ಕೊಡುವ ‘ಮರಿಯಾಜ್’ ಸರಿಯಾಗಿಯೇ ಇದೆ. ನಮ್ಮ ‘ಮದುವೆ’ಯಂತೆ ಆ ಪದವೂ ಸಮಾರಂಭವನ್ನೂ ದಾಂಪತ್ಯದ ಬಂಧವನ್ನೂ ಒಟ್ಟಿಗೆ ಹೇಳುತ್ತದೆ. ಮದುವೆಯ ಉಂಗುರಕ್ಕೆ ‘ಅಲಿಯಾನ್ಸ್’ ಎಂದು ಕೊಟ್ಟದ್ದೂ ಒಪ್ಪತಕ್ಕದ್ದೇ.

ಎಡವಿದ್ದು ಕ್ರಿಯಾಪದದಲ್ಲಿ. ‘ಅವನು ಅವಳನ್ನು ಮದುವೆಯಾದ’ ಎಂಬರ್ಥದ ಇಂಗ್ಲಿಷ್ ವಾಕ್ಯಕ್ಕೆ ಆ್ಯಪ್ ‘ಮರಿಯೇ’ ಎಂಬ ಕ್ರಿಯಾಪದವನ್ನು ನೇರವಾಗಿ ಹಚ್ಚಿತು. ಶಿಷ್ಟ ಫ್ರೆಂಚಿನಲ್ಲಿ ಅದರ ಅರ್ಥ ಮದುವೆ ಮಾಡಿಸುವುದು ಅಥವಾ ಮಾಡಿಕೊಡುವುದು; ಅದು ಮೇಯರ್ ಅಥವಾ ತಂದೆ ಮಾಡುವ ಕೆಲಸ. ಮದುವೆಯಾಗುವುದಕ್ಕೆ ‘ಎಪೂಜೇ’ ಅಥವಾ ‘ಸ ಮರಿಯೇ ಅವೆಕ್’ ಬೇಕು. ‘ಆಗು’, ‘ಮಾಡಿಸು’ಗಳ ನಡುವಿನ ಈ ಅಂತರ ಕನ್ನಡಿಗರಿಗೆ ಹುಟ್ಟಿನಿಂದಲೇ ಗೊತ್ತು, ಆದರೆ ಇಂಗ್ಲಿಷಿನ ಒಂದೇ ಕ್ರಿಯಾಪದವನ್ನು ನೆಚ್ಚಿಕೊಂಡ ಆ್ಯಪ್ ವರನನ್ನೇ ಪುರೋಹಿತನನ್ನಾಗಿ ಮಾಡಿಬಿಟ್ಟಿತು.

ನಂಟಿನ ಪದಗಳಲ್ಲಿ ದೋಷ ಆ್ಯಪ್‌ನದಷ್ಟೇ ಅಲ್ಲ. ‘ಬೋ-ಪೇರ್’ ಎಂದರೆ ಮಾವನೂ ಹೌದು, ಮಲತಂದೆಯೂ ಹೌದು. ಹಾಗಿದ್ದರೂ ಇಂಥಲ್ಲಿ ಒಂದು ಎಚ್ಚರಿಕೆಯ ಟಿಪ್ಪಣಿಯನ್ನಾದರೂ ತೋರಿಸಬೇಕಿತ್ತು.

ಕಾನೂನಿನ ಪದಗಳಲ್ಲಿ ಮಾತ್ರ ಅದನ್ನು ಮನ್ನಿಸಲಾಗದು. ಮದುವೆಯಾಗದೆಯೇ ಜೋಡಿಗೆ ಕಾನೂನಿನ ಮನ್ನಣೆ ಕೊಡುವ ಬ್ರಿಟನ್ನಿನ ‘ಸಿವಿಲ್ ಪಾರ್ಟ್‌ನರ್‌ಶಿಪ್’ ಎಂಬುದನ್ನು ಅದು ‘ಪ್ಯಾಕ್ಸ್’ ಎಂದು ಅನುವಾದಿಸುತ್ತದೆ. ಪ್ಯಾಕ್ಸ್ ಎಂಬುದು 1999ರಲ್ಲಿ ಫ್ರಾನ್ಸ್ ಜಾರಿಗೆ ತಂದ ಬೇರೆಯೇ ಒಂದು ಒಪ್ಪಂದ, ಅದರ ಹಕ್ಕುಬಾಧ್ಯತೆಗಳೂ ಬೇರೆ. ಮದುವೆಗೆ ಮುಂಚಿನ ಹೆಸರಿಗೆ ‘ನೋಂ ದ ಜನ್ ಫಿಯ್’ (ಅಕ್ಷರಶಃ, ಹುಡುಗಿಯಾಗಿದ್ದಾಗಿನ ಹೆಸರು) ಎಂದು ಬರೆಯಿತು. ಮಾತಿನಲ್ಲಿ ಅದು ಇನ್ನೂ ಉಳಿದಿದೆಯಾದರೂ, 2012ರ ಸುತ್ತೋಲೆಯೊಂದು ಸರ್ಕಾರಿ ಅರ್ಜಿಗಳಿಂದ ಅದನ್ನು ಅವಿವಾಹಿತೆಯರಿಗೆ ಬಳಸುವ ‘ಮದ್‌ಮುವಾಜೆಲ್’ ಎಂಬ ಸಂಬೋಧನೆಯ ಜೊತೆಗೇ ಕೈಬಿಡುವಂತೆ ಸೂಚಿಸಿ, ‘ನೋಂ ದ ಫಮಿಯ್’ (ಕುಟುಂಬದ ಹೆಸರು) ಬಳಸಲು ಹೇಳಿದೆ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಅದೂ ಆಮಂತ್ರಣದ ಕೆಲಸಕ್ಕೆ. ಕ್ರಿಯಾಪದಗಳನ್ನು ತಿದ್ದಿಕೊಂಡು ಆಮಂತ್ರಣವನ್ನು ಕಳುಹಿಸಿದೆ. ಪ್ರಮಾಣಪತ್ರಕ್ಕೆ ಫ್ರಾನ್ಸಿನ ಕಚೇರಿಗಳು ನ್ಯಾಯಾಲಯದ ಮನ್ನಣೆ ಪಡೆದ ಪ್ರಮಾಣಿತ ಅನುವಾದಕರ ಸಹಿಯನ್ನು ಕೇಳುವುದರಿಂದ, ಅದನ್ನು ಅಂಥವರೊಬ್ಬರ ಕೈಗೇ ಒಪ್ಪಿಸಿದೆ.