ಕಡತವೇ ಕಥೆ: ಜಾನಿಸ್ ಹ್ಯಾಲೆಟ್ ಅವರ ‘ದಿ ಅಪೀಲ್’

2021ರಲ್ಲಿ ಬಂದ ಈ ಬ್ರಿಟಿಷ್ ಪತ್ತೇದಾರಿ ಕಾದಂಬರಿಯಲ್ಲಿ ನಿರೂಪಕರೇ ಇಲ್ಲ. ಇಮೇಲ್, ಮೆಸೇಜುಗಳ ಕಡತವನ್ನು ಕಾನೂನು ಕಲಿಯುತ್ತಿರುವ ಇಬ್ಬರ ಜೊತೆ ನಾವೂ ಜಾಲಾಡಬೇಕು. ಸಣ್ಣ ಊರಿನ ಹವ್ಯಾಸಿ ನಾಟಕ ತಂಡ. ಅದರ ಯಜಮಾನರ ಮೊಮ್ಮಗಳಿಗೆ ಮೆದುಳಿನ ಕ್ಯಾನ್ಸರ್. ಔಷಧಕ್ಕೆ 2,50,000 ಪೌಂಡ್ ಚಂದಾ ಎತ್ತುವ ಓಡಾಟ.

ನರ್ಸ್ ಇಸ್ಸಿಯ ಮೇಲ್‌ಗಳನ್ನು ನಿಧಾನವಾಗಿ ಓದಿ. ಹೊಸ ಗೆಳತಿ ಸ್ಯಾಮ್‌ಗೆ ಒಂದರ ಮೇಲೊಂದು ಬರೆಯುತ್ತಾಳೆ, ಸ್ಯಾಮ್‌ಳ ಉತ್ತರ ಮಾತ್ರ ಕಡತದಲ್ಲಿಲ್ಲ. ಯಾರ ಪತ್ರ ಕಾಣೆಯಾಗಿದೆ ಎಂಬುದೂ ಇಲ್ಲಿ ಸುಳಿವೇ. ಇಡೀ ಪುಸ್ತಕದ ಜಾಣ್ಮೆ ಅಲ್ಲಿದೆ.

ಕೊಲೆ ತಡವಾಗಿ ಬರುತ್ತದೆ. ಆರಂಭದಲ್ಲಿ ಹೆಸರುಗಳ ಗೊಂದಲವೂ ಜಾಸ್ತಿ, ಯಾರು ಯಾರಿಗೆ ಏನಾಗಬೇಕೆಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮೇಲ್‌ಗಳ ದಿನಾಂಕ, ಸಮಯ ಬಿಟ್ಟು ಓದಿದರೆ ಸುಳ್ಳು ಸಿಕ್ಕಿಬೀಳುವುದಿಲ್ಲ. ಹಿಂದಿನ ಪುಟಗಳಿಗೆ ಮತ್ತೆಮತ್ತೆ ಹೋಗಬೇಕಾದ್ದರಿಂದ ಆಡಿಯೋಗಿಂತ ಮುದ್ರಿತ ಪ್ರತಿಯೇ ವಾಸಿ.