ಟೊರೆಂಟ್ ಫೈಲಿನಿಂದ ಮ್ಯಾಗ್ನೆಟ್ ಲಿಂಕ್: ಮೂರು ದಾರಿ ನೋಡಿ ಒಂದಕ್ಕೆ ನಿಂತೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟ್ರಾನ್ಸ್‌ಮಿಷನ್-ಶೋ ಅನ್ನುವ ಟರ್ಮಿನಲ್ ಕಮಾಂಡಿಗೆ.

ತೀರ್ಥಹಳ್ಳಿಯಲ್ಲಿ ಗೆಳೆಯರ ಹಳೇ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿಕೊಡುವುದು ನನ್ನ ಭಾನುವಾರದ ಕೆಲಸ. ಡೆಬಿಯನ್, ಉಬುಂಟು ಅಂತ 60 ಟೊರೆಂಟ್ ಫೈಲ್ (ಬೇರೆಯವರ ಕಂಪ್ಯೂಟರಿನಿಂದ ಏನನ್ನು ಇಳಿಸಬೇಕು ಎಂದು ಹೇಳುವ ಪುಟ್ಟ ಫೈಲು) ಸೇರಿದ್ದವು. ಎಲ್ಲದರ ಮ್ಯಾಗ್ನೆಟ್ ಲಿಂಕ್, ಅಂದರೆ ಅದೇ ಕೆಲಸ ಮಾಡುವ ಒಂದು ಸಾಲಿನ ಲಿಂಕ್, ಒಂದೇ ಕಡೆ ಬರೆದಿಟ್ಟರೆ, ಕೇಳಿದವರಿಗೆ ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಿದರಾಯ್ತು, ಅಲ್ವಾ?

ಲಿಂಕ್ ಮಾಡಿಕೊಡುವ ವೆಬ್‌ಸೈಟ್‌ಗಳು ಒಂದೆರಡು ಫೈಲಿಗೆ ಸಾಕು. ಆಷಾಢದಲ್ಲಿ ನೆಟ್ ಬಿಟ್ಟು ಬಿಟ್ಟು ಬರುವ ನಮ್ಮೂರಲ್ಲಿ 60 ಸಲ ಅಪ್‌ಲೋಡ್ ಮಾಡುವುದು ಆಗದ ಮಾತು.

ಎರಡನೆಯದು, ಎಲ್ಲೋ ಸಿಕ್ಕಿದ ಪುಟ್ಟ ಪೈಥಾನ್ ಸ್ಕ್ರಿಪ್ಟ್. ಓಡಿಸಿದ ಕೂಡಲೇ ಅರವತ್ತೂ ಲಿಂಕ್ ಬಂದವು. ಖುಷಿಯಲ್ಲಿ ಒಂದನ್ನು ಟೊರೆಂಟ್ ಆ್ಯಪ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮೆಟಾಡೇಟಾ (ಇಳಿಸಬೇಕಾದ ಫೈಲಿನ ವಿವರ) ಹುಡುಕುತ್ತಾ ಅಲ್ಲೇ ನಿಂತಿದೆ. ರಾತ್ರಿ ಕರೆಂಟು ಹೋಗಿತ್ತು, ಅದಕ್ಕೇ ಇರಬೇಕು ಅಂದುಕೊಂಡೆ. ಮರುದಿನ ಇನ್ವರ್ಟರ್ ಮೇಲೆ ಬಿಟ್ಟೆ. ಆಗಲೂ ಅಷ್ಟೇ. ಫೈಲಿನ ಹೆಸರು ಮಾತ್ರ ಸರಿಯಾಗಿ ಕಾಣುತ್ತಿತ್ತು. ಹೆಸರು ಲಿಂಕಿನಲ್ಲೇ ಬರೆದಿರುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ.

ಕೊನೆಗೆ ಮೂಲ ಟೊರೆಂಟ್ ಫೈಲನ್ನೇ ತೆರೆದೆ. ಆ್ಯಪ್ ಅಲ್ಲಿ ತೋರಿಸಿದ ಹ್ಯಾಶನ್ನು (ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಗುರುತು) ಕಾಗದದ ಮೇಲೆ ಬರೆದುಕೊಂಡು, ಲಿಂಕಿನಲ್ಲಿ 'ಬಿಟಿಐಎಚ್' ಆದಮೇಲೆ ಬರುವ 40 ಅಕ್ಷರಗಳ ಪಕ್ಕ ಹಿಡಿದೆ. ಮೊದಲ ಅಕ್ಷರವೇ ಬೇರೆ! ಸ್ಕ್ರಿಪ್ಟ್ ಇಡೀ ಟೊರೆಂಟ್ ಫೈಲಿಗೆ ಶಾ-1 ಅನ್ನುವ ವಿಧಾನದ ಹ್ಯಾಶ್ ತೆಗೆದಿತ್ತು. ತೆಗೆಯಬೇಕಾದ್ದು ಒಳಗಿನ 'ಇನ್ಫೋ' ಭಾಗಕ್ಕೆ ಮಾತ್ರ. ಟ್ರ್ಯಾಕರ್ (ಫೈಲು ಯಾರ ಹತ್ತಿರ ಇದೆ ಎಂದು ಹೇಳುವ ಸರ್ವರ್) ವಿಳಾಸ, ಫೈಲು ಮಾಡಿದ ದಿನ ಎಲ್ಲ ಅದರ ಹೊರಗಿರುತ್ತವೆ. ಅವೂ ಸೇರಿ ಬಂದ ಹ್ಯಾಶ್ ಹಿಡಿದು ಹುಡುಕಿದರೆ ಯಾರ ಹತ್ತಿರ ಸಿಗಬೇಕು? ತಪ್ಪು ಹ್ಯಾಶಿಗೂ 40 ಅಕ್ಷರವೇ ಇರುವುದರಿಂದ ನೋಡಿದರೆ ಅನುಮಾನವೇ ಬರುವುದಿಲ್ಲ. ಎರಡು ರಾತ್ರಿ ಸುಮ್ನೆ ಹೋಯಿತು. ಗೆಳೆಯರಿಗೂ ನಾಲ್ಕೈದು ಲಿಂಕ್ ಕಳಿಸಿಬಿಟ್ಟಿದ್ದೆ, ಅದೇ ಜಾಸ್ತಿ ಬೇಜಾರು.

ಟ್ರಾನ್ಸ್‌ಮಿಷನ್-ಶೋ ಡೆಬಿಯನ್‌ನ ಟ್ರಾನ್ಸ್‌ಮಿಷನ್-ಸಿಎಲ್‌ಐ ಪ್ಯಾಕೇಜಿನಲ್ಲಿ ಬರುತ್ತದೆ. ಅದಕ್ಕೆ ಮೈನಸ್ ಎಂ (-m) ಕೊಟ್ಟು ಫೈಲಿನ ಹೆಸರು ಹಾಕಿದರೆ ಲಿಂಕ್ ರೆಡಿ. ಟ್ರ್ಯಾಕರ್ ವಿಳಾಸವನ್ನೂ ಅದೇ ಸೇರಿಸುತ್ತದೆ. ನೆಟ್ ಬೇಡ, ದುಡ್ಡು ಬೇಡ. ಶೆಲ್ ಸ್ಕ್ರಿಪ್ಟಿನಲ್ಲಿ ಒಂದು ಫಾರ್ ಲೂಪ್ (ಒಂದೊಂದೇ ಫೈಲಿಗೆ ಅದೇ ಕಮಾಂಡ್ ಓಡಿಸುವ ಸುತ್ತು) ಬರೆದು ಅರವತ್ತನ್ನೂ ಒಂದೇ ಏಟಿಗೆ ಮುಗಿಸಿದೆ. ಹೆಸರಿನ ನಡುವೆ ಜಾಗ ಬಿಟ್ಟ ಫೈಲುಗಳಿದ್ದರೆ, ಲೂಪಿನಲ್ಲಿ ಹೆಸರು ಹಿಡಿದಿರುವ ವೇರಿಯಬಲ್ಲನ್ನು ಡಬಲ್ ಕೋಟ್ ಒಳಗೆ ಇಡಿ.

ಪೈಥಾನ್ ಚೆನ್ನಾಗಿ ಬರುವವರು, ಲಿಂಕಿನ ಜೊತೆ ಬೇರೆ ವಿವರಗಳ ಪಟ್ಟಿಯೂ ಬೇಕು ಅನ್ನುವವರು ಸ್ಕ್ರಿಪ್ಟ್ ತಿದ್ದಿಕೊಳ್ಳಬಹುದು. ಟರ್ಮಿನಲ್ ಯಾವಾಗಲೂ ತೆರೆದೇ ಇರುವ ನನಗೆ ಈ ಒಂದು ಸಾಲು ಸಾಕು. ಈಗ ಯಾರಿಗಾದರೂ ಕಳಿಸುವ ಮುಂಚೆ ಲಿಂಕನ್ನು ನಾನೇ ಹಾಕಿ, ಫೈಲಿನ ಸೈಜ್ ಕಾಣಿಸುವವರೆಗೆ ಕಾಯುತ್ತೇನೆ.