ಅಂಗಡಿಗೆ ನಾಲ್ಕು ಸ್ಟಾರ್, ಐಲೆಟ್‌ಗೆ ಒಂದೂ ಇಲ್ಲ

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಒಂದು ಬ್ಯಾನರ್ ಪ್ರಿಂಟಿಂಗ್ ಅಂಗಡಿ ಇದೆ. ಊರಿಗೆಲ್ಲ ಬೋರ್ಡ್ ಮಾಡಿಕೊಡುತ್ತಾರೆ, ತಮ್ಮ ಅಂಗಡಿಗೇ ಬೋರ್ಡ್ ಇಲ್ಲ. ಹಾಗಾಗಿ ಹೆಸರು ಕೇಳಬೇಡಿ. ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಪುಢಾರಿಗಳ ಶುಭಾಶಯ ಎಲ್ಲ ಅಲ್ಲೇ ಪ್ರಿಂಟ್ ಆಗುತ್ತವೆ. ನಾವು ಕೊಟ್ಟ ಕೆಲಸ ಬೇರೆ. ಸೆಪ್ಟೆಂಬರ್ 28 ಅಂತರರಾಷ್ಟ್ರೀಯ ಸುರಕ್ಷಿತ ಗರ್ಭಪಾತ ದಿನ. ಅವತ್ತಿಗೆ ನಾವು ಗೆಳತಿಯರು ಸೇರಿ ಒಂದು ಚಿಕ್ಕ ಪೋಸ್ಟರ್ ಪ್ರದರ್ಶನ ಇಟ್ಟುಕೊಂಡಿದ್ದೆವು. ಯಾವ ಸರ್ಕಾರ ಗರ್ಭಪಾತಕ್ಕೆ ಅಡ್ಡ ನಿಂತಿತು, ಯಾರು ಹೇಗೆ ಅದರ ಮೇಲೆ ಒತ್ತಡ ತಂದರು ಅನ್ನೋದೇ ವಿಷಯ.

ಮಾಲೀಕರು ಮೊದಲ ಪೋಸ್ಟರ್ ಓದಿದ್ದೇ ಮೌಸ್ ಮೇಲಿಂದ ಕೈ ತೆಗೆದರು. "ಇದನ್ನ ಹಾಕಿದ್ರ ಪೊಲೀಸ್ರು ಬರ್ತಾರ್ರೀ ಮೇಡಂ. ಗರ್ಭಪಾತ ಅಪರಾಧ ಅಂತ ನಾನೇ ಎಷ್ಟೋ ಬೋರ್ಡ್ ಮಾಡಿಕೊಟ್ಟೀನಿ." ಅವರು ಹೇಳಿದ್ದು ಸ್ಕ್ಯಾನಿಂಗ್ ಸೆಂಟರ್‌ಗಳ ಬೋರ್ಡ್. ಅದರಲ್ಲಿರೋದು ಭ್ರೂಣದ ಲಿಂಗ ಪತ್ತೆ ಅಪರಾಧ ಅಂತ, ಅದು 1994ರ ಕಾನೂನು. ಗರ್ಭಪಾತದ ಕಾನೂನೇ ಬೇರೆ, 1971ರದ್ದು. 2021ರ ತಿದ್ದುಪಡಿ ಆದಮೇಲೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವರಿಗೆ, ಇಬ್ಬರು ವೈದ್ಯರು ಒಪ್ಪಿದರೆ, 24 ವಾರದವರೆಗೂ ಆಗುತ್ತದೆ. ಮದುವೆ ಆಗಿಲ್ಲ ಅನ್ನೋ ಕಾರಣಕ್ಕೆ ಈ ಅವಕಾಶ ತಪ್ಪಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 18 ತುಂಬಿದವಳಾದರೆ ಅವಳ ಒಪ್ಪಿಗೆಯೊಂದೇ ಸಾಕು.

"ಗಂಡನ ಸಹಿ ಬ್ಯಾಡೇನ್ರೀ?" ಅಂದರು. ಬೇಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಮೌಸ್ ಹಿಡಿದರು. ಅವರನ್ನು ಬೈದು ಏನು ಬಂತು? ಓದಿದವರೂ ಹೀಗೇ ಅಂದುಕೊಂಡಿದ್ದಾರೆ. ಲಿಂಗ ಪತ್ತೆ ಬೇಡ ಅನ್ನುವ ಬೋರ್ಡ್ ಎಲ್ಲಾ ಕಡೆ ಕಾಣುತ್ತದೆ. ಗಂಡನ ಸಹಿ ಬೇಡ ಅನ್ನುವ ಬೋರ್ಡನ್ನು ನಾನಂತೂ ಯಾವ ಆಸ್ಪತ್ರೆಯಲ್ಲೂ ನೋಡಿಲ್ಲ.

ಡಿಸೈನ್ ಮಾಡುವ ಹುಡುಗನಿಗೆ ಪೂರ್ತಿ ಮಾರ್ಕ್ಸ್ ಕೊಡಬೇಕು. ಸುಮ್ನೆ ಕಾಪಿ ಪೇಸ್ಟ್ ಮಾಡುವವನಲ್ಲ, ಓದುತ್ತಾನೆ. ಸವಿತಾ ಹಾಲಪ್ಪನವರ್ ಪೋಸ್ಟರ್ ಬಂದಾಗ "ನಮ್ ಬೆಳಗಾವಿಯವ್ರಾ?" ಅಂತ ಕೇಳಿದ. ಹೌದು, ಬೆಳಗಾವಿಯ ಹುಡುಗಿ, ಐರ್ಲೆಂಡ್‌ನಲ್ಲಿ ಹಲ್ಲಿನ ಡಾಕ್ಟರ್. 17 ವಾರದ ಗರ್ಭ ಉಳಿಯಲ್ಲ ಅಂತ ಗೊತ್ತಾಗಿ ಗರ್ಭಪಾತ ಮಾಡಿ ಅಂತ ಕೇಳಿದರು. ಭ್ರೂಣದ ಎದೆಬಡಿತ ಇದೆ, ಇಲ್ಲಿನ ಕಾನೂನು ಒಪ್ಪಲ್ಲ ಅಂತ ಆಸ್ಪತ್ರೆಯವರು ಮಾಡಲಿಲ್ಲ. ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಐರ್ಲೆಂಡ್‌ನಲ್ಲಿ ಜನ ಬೀದಿಗಿಳಿದರು. ದೆಹಲಿಯಲ್ಲಿ ನಮ್ಮ ಸರ್ಕಾರ ಐರಿಷ್ ರಾಯಭಾರಿಯನ್ನು ಕರೆಸಿ ಮಾತಾಡಿತು. 2016ರಲ್ಲಿ ಅಮಾಂಡಾ ಮೆಲೆಟ್ ಅನ್ನುವ ಮಹಿಳೆಯ ದೂರಿನ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಈ ಕಾನೂನಿಂದ ಅವಳಿಗೆ ಆಗಿದ್ದು ಕ್ರೌರ್ಯ ಅಂದಿತು. ಐರ್ಲೆಂಡ್ ಅವಳಿಗೆ 30,000 ಯೂರೋ ಪರಿಹಾರ ಕೊಟ್ಟಿತು. 2018ರ ಮೇನಲ್ಲಿ ಜನಮತ ನಡೆಯಿತು. ಅದಕ್ಕೆ ಮೊದಲು ಸವಿತಾ ಅವರ ತಂದೆ ಬೆಳಗಾವಿಯಿಂದಲೇ, ಕಾನೂನು ಬದಲಿಸಲು ಮತ ಹಾಕಿ ಅಂತ ಐರಿಷ್ ಜನರನ್ನು ಕೇಳಿಕೊಂಡಿದ್ದರು. ಮತ ಹಾಕಿದವರಲ್ಲಿ 66.4% ಜನ ಬದಲಾವಣೆಗೇ ಹಾಕಿದರು.

ಹುಡುಗ ಆ ಪೋಸ್ಟರನ್ನು ತಾನಾಗಿಯೇ ದೊಡ್ಡದು ಮಾಡಿದ. ಎಕ್ಸ್‌ಟ್ರಾ ದುಡ್ಡು ಹಿಡಿಯಲಿಲ್ಲ. ಆಮೇಲೆ ಕೇಳಿದ: "ಹೊರಗಿನವ್ರು ಬೈದ್ರ ಸರ್ಕಾರ ಕೇಳ್ತದೇನ್ರೀ?" ಒಳ್ಳೇ ಪ್ರಶ್ನೆ, ಅಲ್ವಾ? ಪೋಲೆಂಡ್ ಪೋಸ್ಟರ್ ತೋರಿಸಿದೆ. 2020ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಮಂಡಳಿ, ಭ್ರೂಣಕ್ಕೆ ಗಂಭೀರ ತೊಂದರೆ ಇದ್ದರೂ ಗರ್ಭಪಾತ ಕೂಡದು ಅಂದಿತು. ಲಕ್ಷಾಂತರ ಜನ ಬೀದಿಗೆ ಬಂದರು. ಯುರೋಪಿಯನ್ ಪಾರ್ಲಿಮೆಂಟ್ ಖಂಡಿಸಿತು. ಆದರೂ 2021ರ ಜನವರಿಯಲ್ಲಿ ಅದು ಜಾರಿಗೆ ಬಂತು. ಹೊರಗಿನವರ ಬೈಗುಳಕ್ಕೆ ಸರ್ಕಾರಗಳು ಜಾಸ್ತಿ ಹೆದರಲ್ಲ, ತಮ್ಮ ಮತದಾರರಿಗೆ ಹೆದರುತ್ತವೆ. ನನ್ನ ಲೆಕ್ಕದಲ್ಲಿ ಹೊರಗಿನವರ ಮಾತು ಒಳಗೆ ಹೋರಾಡುವವರ ಕೈಗೊಂದು ಕಾಗದ, ಅಷ್ಟೇ. ಆ ಕಾಗದವೂ ಬೇಕು ಅನ್ನಿ.

ಇನ್ನು ದೂರುಗಳು. ಅರ್ಜೆಂಟೀನಾದ ಮಹಿಳೆಯರು ಹಸಿರು ಕರ್ಚೀಫ್ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದರು. 2020ರ ಡಿಸೆಂಬರ್ 30ರಂದು 14 ವಾರದವರೆಗಿನ ಗರ್ಭಪಾತಕ್ಕೆ ಕಾನೂನು ಗಿಟ್ಟಿಸಿದರು. ಅದೇ ಹಸಿರಲ್ಲಿ ಕರ್ಚೀಫ್ ಬೇಕು ಅಂದಿದ್ದೆವು. ಬಂದಿದ್ದು ಹಸಿರು ಶಾಲಿನ ಬಣ್ಣ. ಹಾಲ್‌ಗೆ ಬಂದ ಒಬ್ಬ ಅಜ್ಜ ರೈತ ಸಂಘದ ಸಭೆ ಅಂದುಕೊಂಡು ಮುಂದಿನ ಸಾಲಲ್ಲೇ ಕೂತರು. ವಿಷಯ ಗೊತ್ತಾದ ಮೇಲೂ ಎದ್ದು ಹೋಗಲಿಲ್ಲ, ಅದು ಬೇರೆ ಮಾತು.

ನುಡಿ ಫಾಂಟ್‌ನಲ್ಲಿ ಫೈಲ್ ಕೊಡಬೇಡಿ. "ಗರ್ಭ"ದ ಅರ್ಕಾವತ್ತು ಹಾರಿಹೋಗುತ್ತದೆ, ಯೂನಿಕೋಡ್ ಪಿಡಿಎಫ್ ಕೊಡಿ. ಹೇಳಿದ ದಿನಕ್ಕೆ ಕೆಲಸ ಸಿಗುತ್ತೆ ಅಂತ ನಂಬಬೇಡಿ. ಪಕ್ಕದಲ್ಲೇ ಶಕ್ತಿನಗರದ ವಿದ್ಯುತ್ ಸ್ಥಾವರ ಇದ್ದರೂ ಗಲ್ಲಿಯಲ್ಲಿ ಕರೆಂಟ್ ಹೋಗುತ್ತೆ. ರೇಟ್ ನ್ಯಾಯವಾಗಿದೆ, ಫ್ಲೆಕ್ಸ್ ಬದಲು ಬಟ್ಟೆ ಕೇಳಿದರೆ ಮುಖ ಸಿಂಡರಿಸಲ್ಲ. ಐಲೆಟ್‌ಗಳು, ಅಂದರೆ ದಾರ ಕಟ್ಟಲು ಅಂಚಿನ ತೂತಿಗೆ ಹಾಕುವ ರಿಂಗುಗಳು, ಮಾತ್ರ ದಾರ ಎಳೆದ ಕೂಡಲೇ ಕಿತ್ತು ಬಂದವು. ಮುಂದಿನ ವರ್ಷವೂ ಅಲ್ಲೇ ಮಾಡಿಸುತ್ತೇವೆ, ಅಂಚು ಮಾತ್ರ ಟೈಲರ್ ಹತ್ತಿರ ಹೊಲಿಸುತ್ತೇವೆ.